ಪೋರ್ಟ್ ಮಾಡೋದು ತಾನೆ, ಅದೇನು ಮಹಾ?

“ಲಿನಕ್ಸ್‌ನಲ್ಲಿ ಚೆನ್ನಾಗೇ ಓಡ್ತಾ ಇದೆಯಲ್ಲ. ಇನ್ನೊಂದು ಓಎಸ್‌ಗೆ ಪೋರ್ಟ್ ಮಾಡೋದು ತಾನೆ, ಅದೇನು ಮಹಾ? ಎರಡು ದಿನ ಸಾಕು.”

ಕೆಲಸಕ್ಕೆ ಸೇರಿದ ಈ ಆರು ವರ್ಷದಲ್ಲಿ ಮೀಟಿಂಗ್ ರೂಮುಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಕೇಳಿದಾಗಲೆಲ್ಲ ಮೈ ಉರಿಯುತ್ತೆ. ಅದರಲ್ಲೂ ಮೆಮೊರಿಯ ತಪ್ಪು ಹಿಡಿಯೋ ಉಪಕರಣಗಳ ಬಗ್ಗೆ ಈ ಮಾತು ಬಂದರಂತೂ ಸುಮ್ಮನೆ ಕೂರೋಕೆ ಆಗೋದೇ ಇಲ್ಲ. ಆಫೀಸಿನಲ್ಲಿ ಪೂರ್ತಿ ಬಿಡಿಸಿ ಹೇಳೋಕೆ ಪುರುಸೊತ್ತು ಸಿಗಲ್ಲ, ಹೇಳಿದರೆ ಕೇಳೋರೂ ಇಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ನಿಮ್ಮಲ್ಲಿ ಕಥೆ, ಕವನ, ಪ್ರವಾಸ, ಅಡುಗೆ ಬರೆಯೋರೇ ಹೆಚ್ಚು ಅಂತ ಗೊತ್ತು. ಹೆದರಬೇಡಿ, ಕೋಡ್ ಒಂದು ಸಾಲೂ ಬರೋದಿಲ್ಲ :-)

ಮೊದಲು ರೋಗ ಏನು ಅಂತ ಹೇಳಿಬಿಡ್ತೀನಿ. ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಪ್ರೋಗ್ರಾಂ ತನಗೆ ಬೇಕಾದ ಮೆಮೊರಿಯನ್ನು ತಾನೇ ಕೇಳಿ ಪಡೀಬೇಕು, ಕೆಲಸ ಮುಗಿದ ಮೇಲೆ ತಾನೇ ವಾಪಸ್ ಕೊಡಬೇಕು. ಸೈಟು ತಗೊಂಡ ಹಾಗೆ ಅಂದ್ಕೊಳ್ಳಿ. ಮೂವತ್ತು-ನಲವತ್ತರ ಸೈಟು ತಗೊಂಡು ಪಕ್ಕದವರ ಜಾಗಕ್ಕೆ ಎರಡಡಿ ಗೋಡೆ ಎಬ್ಬಿಸೋದು ಒಂದು ತಪ್ಪು. ಮಾರಿಬಿಟ್ಟ ಮನೆಗೇ ಹಳೇ ಬೀಗದಕೈ ಹಿಡ್ಕೊಂಡು ಹೋಗಿ ವಾಸ ಮಾಡೋದು ಎರಡನೆಯದು. ಸೈಟಿನ ಪತ್ರ ಕಳೆದುಕೊಂಡು, ಅತ್ತ ಕಟ್ಟೋಕೂ ಆಗದೆ ಇತ್ತ ಮಾರೋಕೂ ಆಗದೆ ಹಾಳು ಬಿಡೋದು ಮೂರನೆಯದು. ಹಿಂದಿನವರು ಬಿಟ್ಟುಹೋದ ಕಸವನ್ನೇ ತನ್ನ ಸಾಮಾನು ಅಂತ ತಿಳ್ಕೊಂಡು ಬಳಸೋದು ನಾಲ್ಕನೆಯದು. ಈ ತಪ್ಪುಗಳಲ್ಲಿ ಯಾವುದನ್ನು ಮಾಡಿದರೂ ಪ್ರೋಗ್ರಾಂ ಆ ಕ್ಷಣಕ್ಕೇ ಬೀಳುತ್ತೆ ಅನ್ನೋ ಖಾತ್ರಿ ಇಲ್ಲ. ಮೂರು ದಿನ ಬಿಟ್ಟು, ಸಂಬಂಧವೇ ಇಲ್ಲದ ಇನ್ನೆಲ್ಲೋ ಬೀಳಬಹುದು. ಇಲ್ಲವೇ ಬೀಳದೇ ಕಳ್ಳನಿಗೆ ಹಿತ್ತಲ ಬಾಗಿಲು ತೆಗೆದಿಟ್ಟು ಕೂತಿರಬಹುದು. ತಮ್ಮ ಉತ್ಪನ್ನಗಳಲ್ಲಿ ಪ್ರತಿವರ್ಷ ಮುಚ್ಚುವ ಸುರಕ್ಷತಾ ಲೋಪಗಳಲ್ಲಿ ಸುಮಾರು ಶೇ. 70 ಇಂಥ ಮೆಮೊರಿ ತಪ್ಪುಗಳೇ ಅಂತ 2019ರಲ್ಲಿ ಮೈಕ್ರೋಸಾಫ್ಟ್‌ನವರು ಹೇಳಿದರು. 2020ರಲ್ಲಿ ಕ್ರೋಮಿಯಂ ಬ್ರೌಸರಿನವರು ತಮ್ಮ ಗಂಭೀರ ಲೋಪಗಳ ಬಗ್ಗೆ ಕೊಟ್ಟ ಲೆಕ್ಕವೂ ಹತ್ತಿರ ಹತ್ತಿರ ಅದೇ.

ಈ ತಪ್ಪುಗಳನ್ನು ಹಿಡಿಯೋಕೆ ಇರೋ ಉಪಕರಣಗಳಲ್ಲಿ ನನಗೆ ಅಚ್ಚುಮೆಚ್ಚು ವಾಲ್‌ಗ್ರಿಂಡ್. (ನಮ್ಮ ಆಫೀಸಿನಲ್ಲಿ ಎಲ್ಲರೂ ‘ಗ್ರೈಂಡ್’ ಅಂತಾರೆ. ಅಲ್ಲ ಸ್ವಾಮಿ, ಮಾಡಿದವರೇ ಹೇಳಿದ್ದಾರೆ, ಅದು ‘ಗ್ರಿಂಡ್’. ಉತ್ತರ ಯೂರೋಪಿನ ಪುರಾಣದಲ್ಲಿ ವಲ್ಹಲ್ಲಾ ಅನ್ನೋ ವೀರಸ್ವರ್ಗದ ಹೆಬ್ಬಾಗಿಲಿನ ಹೆಸರು. ಯೋಗ್ಯರನ್ನು ಮಾತ್ರ ಒಳಗೆ ಬಿಡುವ ಬಾಗಿಲಂತೆ.) ಬಿಜಿಪ್2 ಬರೆದ ಜೂಲಿಯನ್ ಸೀವರ್ಡ್ ಇದನ್ನು 2002ರಲ್ಲಿ ಮೊದಲು ಬಿಡುಗಡೆ ಮಾಡಿದ್ದು. ಆಗ ಇದು ಓಡ್ತಿದ್ದದ್ದು ಇಂಟೆಲ್ ಎಕ್ಸ್86 ಮೇಲಿನ ಲಿನಕ್ಸ್‌ನಲ್ಲಿ ಮಾತ್ರ. ನಿಕೊಲಸ್ ನೆದರ್‌ಕೋಟ್ ಮತ್ತಿತರರು ಜೊತೆಗೂಡಿ ಬೆಳೆಸಿದರು.

ಇದು ಕೆಲಸ ಮಾಡೋ ರೀತಿ ನೋಡಿದರೆ ತಲೆದೂಗಬೇಕು. ನಿಮ್ಮ ಪ್ರೋಗ್ರಾಮನ್ನು ಇದು ನೇರವಾಗಿ ಪ್ರೊಸೆಸರಿಗೆ ಕೊಡೋದೇ ಇಲ್ಲ. ಒಂದೊಂದು ಸೂಚನೆಯನ್ನೂ ಬಿಚ್ಚಿ, ನಡುವೆ ತನ್ನ ತಪಾಸಣೆ ಸೇರಿಸಿ, ಮತ್ತೆ ಹೊಲಿದು ಓಡಿಸುತ್ತೆ. ಮೆಮೊರಿಯ ಪ್ರತಿಯೊಂದು ಬೈಟಿಗೂ ‘ಇದನ್ನು ಮುಟ್ಟಬಹುದೋ ಇಲ್ಲವೋ’ ಅಂತ ಒಂದು ಗುರುತು. ಪ್ರತಿಯೊಂದು ಬಿಟ್‌ಗೂ ‘ಇದರಲ್ಲಿ ಯಾರಾದರೂ ನಿಜವಾಗಿ ಬೆಲೆ ತುಂಬಿದ್ದಾರೋ, ಬರೀ ಕಸವೋ’ ಅಂತ ಇನ್ನೊಂದು ಗುರುತು. ಅಂದರೆ ಇಡೀ ಮೆಮೊರಿಗೆ ಒಂದು ನೆರಳು ಪಹಣಿ! ಇಷ್ಟೆಲ್ಲ ಲೆಕ್ಕ ಬರೀತಾ ಓಡೋದರಿಂದ ಪ್ರೋಗ್ರಾಂ 10ರಿಂದ 30 ಪಟ್ಟು ನಿಧಾನ ಆಗುತ್ತೆ. ಆಗಲಿ ಬಿಡಿ, ತಪ್ಪು ಸಿಗುತ್ತಲ್ಲ.

ಈಗ ಅಸಲಿ ವಿಷಯಕ್ಕೆ ಬರೋಣ. ಈ ಪಹಣಿ ಬರೆಯೋ ಶಾನುಭೋಗನಿಗೆ ಒಂದೇ ಒಂದು ಜಾಗ ಕಾಣೋದಿಲ್ಲ: ಕರ್ನಲ್‌ನ ಒಳಗಡೆ. ಪ್ರೋಗ್ರಾಂ ‘ಈ ಫೈಲಿನಿಂದ ನೂರು ಬೈಟ್ ಓದಿ ಇಲ್ಲಿ ತುಂಬು’ ಅಂತ ಸಿಸ್ಟಮ್ ಕಾಲ್ ಮಾಡಿದಾಗ ಕೆಲಸ ಕರ್ನಲ್‌ನಲ್ಲಿ ಆಗುತ್ತೆ, ವಾಲ್‌ಗ್ರಿಂಡ್ ಬಾಗಿಲ ಹೊರಗೆ ಕಾಯ್ತಿರುತ್ತೆ. ಒಳಗೆ ಏನಾಯ್ತು ಅಂತ ಅದಕ್ಕೆ ಯಾರಾದರೂ ಹೇಳಬೇಕು. ಹಾಗಾಗಿ ಪ್ರತಿ ಸಿಸ್ಟಮ್ ಕಾಲ್‌ಗೂ ಒಂದು ವಿವರಣೆಯನ್ನು ಕೈಯಾರೆ ಬರೆದಿಡಬೇಕು. ಒಳಗೆ ಹೋಗೋ ಮುಂಚೆ ಯಾವ ಜಾಗ ಬರೆಯೋಕೆ ಯೋಗ್ಯ ಇರಬೇಕು, ಹೊರಗೆ ಬಂದ ಮೇಲೆ ಎಷ್ಟು ಬೈಟ್ ತುಂಬಿದೆ, ಎಲ್ಲ ಬಿಡಿಬಿಡಿಯಾಗಿ. ನೂರು ಕೇಳಿ ನಲವತ್ತೇ ಸಿಕ್ಕಿದ್ದರೆ ನಲವತ್ತಕ್ಕೆ ಮಾತ್ರ ‘ತುಂಬಿದೆ’ ಅಂತ ಗುರುತು ಹಾಕಬೇಕು. ಲಿನಕ್ಸ್ ಒಂದರಲ್ಲೇ ಇಂಥ ಸಿಸ್ಟಮ್ ಕಾಲ್‌ಗಳು ಮುನ್ನೂರಕ್ಕೂ ಹೆಚ್ಚು.

ಇನ್ನೊಂದು ಓಎಸ್‌ಗೆ ಹೋದಿರೋ, ಈ ಪುಸ್ತಕದ ದೊಡ್ಡ ಭಾಗವನ್ನು ಹೊಸದಾಗಿ ಬರೀಬೇಕು. ಬರೀ ಹೆಸರು ಬದಲಾಯಿಸಿದರೆ ಆಗೋದಿಲ್ಲ. ಒಂದೆರಡು ಉದಾಹರಣೆ ಕೊಡ್ತೀನಿ, ನೀವೇ ಹೇಳಿ ಇದು ಗುಮಾಸ್ತಿಕೆಯೋ ಅಲ್ಲವೋ ಅಂತ.

ಸಿಸ್ಟಮ್ ಕಾಲ್ ವಿಫಲ ಆದರೆ ಎಕ್ಸ್86 ಲಿನಕ್ಸ್ ಒಂದು ಋಣ ಸಂಖ್ಯೆಯನ್ನು ವಾಪಸ್ ಕೊಡುತ್ತೆ. ಫ್ರೀಬಿಎಸ್‌ಡಿ, ಮ್ಯಾಕ್, ಸೋಲಾರಿಸ್‌ಗಳಲ್ಲಿ ಹಾಗಲ್ಲ, ಪ್ರೊಸೆಸರಿನ ಕ್ಯಾರಿ ಫ್ಲಾಗ್ ಅನ್ನೋ ಒಂದೇ ಒಂದು ಬಿಟ್ಟನ್ನು ಎತ್ತಿ ತೋರಿಸುತ್ತೆ. ಅದನ್ನು ಗಮನಿಸದ ಉಪಕರಣ ಸೋತ ಕರೆಯನ್ನು ಗೆದ್ದಿದೆ ಅಂತ ಬರ್ಕೊಳ್ಳುತ್ತೆ. ಹತ್ತು ಅನ್ನೋ ಸಿಗ್ನಲ್ ಸಂಖ್ಯೆ ಎಕ್ಸ್86 ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳು ತಮ್ಮ ಇಷ್ಟಕ್ಕೆ ಬಳಸಿಕೊಳ್ಳುವ ಸಾಧಾರಣ ಸಿಗ್ನಲ್. ಫ್ರೀಬಿಎಸ್‌ಡಿಯಲ್ಲಿ ಅದೇ ಹತ್ತು ಅಂದರೆ ಬಸ್ ಎರರ್, ಮೆಮೊರಿಗೇ ಏನೋ ಆಯ್ತು ಅನ್ನೋ ಅಪಾಯದ ಗಂಟೆ. ಯಾವ ವಿಳಾಸದಲ್ಲಿ ಯಾವ ಲೈಬ್ರರಿ ಕೂತಿದೆ ಅಂತ ತಿಳ್ಕೊಳ್ಳೋಕೆ ಲಿನಕ್ಸ್‌ನಲ್ಲಿ ಒಂದು ಫೈಲ್ ಓದಿದರೆ ಸಾಕು. ಫ್ರೀಬಿಎಸ್‌ಡಿಯಲ್ಲಿ ದಾರಿ ಬೇರೆ, ಮ್ಯಾಕ್‌ನಲ್ಲಿ ಇನ್ನೂ ಬೇರೆ.

ಮತ್ತೊಂದು ತಮಾಷೆ ಇದೆ. ಪದದ ಉದ್ದ ಅಳೆಯೋ ಪುಟ್ಟ ಫಂಕ್ಷನ್ ವೇಗಕ್ಕಾಗಿ ಒಂದೊಂದೇ ಅಕ್ಷರ ಓದದೆ, ಎಂಟು ಅಥವಾ ಹದಿನಾರು ಬೈಟುಗಳನ್ನು ಒಟ್ಟಿಗೆ ಬಾಚಿಕೊಳ್ಳುತ್ತೆ. ಪದ ಮುಗಿದ ಮೇಲೂ ಸ್ವಲ್ಪ ಆಚೆ ಓದಿಬಿಡುತ್ತೆ. ಅದರಿಂದ ತೊಂದರೆ ಇಲ್ಲ, ಆದರೆ ವಾಲ್‌ಗ್ರಿಂಡ್‌ಗೆ ಅದು ಪಕ್ಕದ ಸೈಟಿನ ಅತಿಕ್ರಮಣದ ಹಾಗೇ ಕಾಣುತ್ತೆ. ಅದಕ್ಕೇ ವಾಲ್‌ಗ್ರಿಂಡ್ ಇಂಥ ಫಂಕ್ಷನ್‌ಗಳನ್ನು ತೆಗೆದು ತನ್ನದೇ ಸಾಧು ಪ್ರತಿಗಳನ್ನು ಕೂರಿಸುತ್ತೆ. ಆದರೆ ಅವು ಯಾವ ಲೈಬ್ರರಿಯಲ್ಲಿ, ಯಾವ ಹೆಸರಿನಲ್ಲಿ ಅಡಗಿವೆ ಅನ್ನೋದು ಪ್ರತಿ ಓಎಸ್‌ನಲ್ಲೂ ಬೇರೆ. ಒಂದನ್ನು ಬಿಟ್ಟರೂ ಸುಳ್ಳು ದೂರುಗಳ ಮಳೆ!

ಈಗ ಇತಿಹಾಸ ನೋಡಿ. ಮ್ಯಾಕ್‌ಗೆ ಬೆಂಬಲ ಬಂದದ್ದು 2009ರಲ್ಲಿ, 3.5.0 ಆವೃತ್ತಿಯಲ್ಲಿ. ಆಪಲ್‌ನಲ್ಲಿದ್ದ ಗ್ರೆಗ್ ಪಾರ್ಕರ್ ಶುರು ಮಾಡಿದ ಕೆಲಸವನ್ನು ನೆದರ್‌ಕೋಟ್ ಮುಂದುವರಿಸಿ ಒಳಗೆ ಸೇರಿಸಿದರು. ಸೋಲಾರಿಸ್ ಬಂದದ್ದು 2015ರಲ್ಲಿ. ಫ್ರೀಬಿಎಸ್‌ಡಿ ಸೇರಿದ್ದು 2021ರ 3.18.0ರಲ್ಲಿ, ಅದೂ ಪಾಲ್ ಫ್ಲಾಯ್ಡ್ ಪಟ್ಟು ಹಿಡಿದು ಕೂತದ್ದರಿಂದ. ಅದಕ್ಕೂ ಮುಂಚೆ ಫ್ರೀಬಿಎಸ್‌ಡಿಯ ಪೋರ್ಟ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೊರಗೇ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಉಳಿದುಕೊಂಡಿತ್ತು. ಲಿನಕ್ಸ್ ಹುಟ್ಟಿದ ಮನೆ, ಸರಿ. ಅಲ್ಲಿಂದ ಫ್ರೀಬಿಎಸ್‌ಡಿಯ ಅಧಿಕೃತ ಬಾಗಿಲಿಗೆ ಬರೋಕೆ 19 ವರ್ಷ! ‘ಎರಡು ದಿನ ಸಾಕು’ ಅನ್ನೋರು ಈ ಸಾಲನ್ನು ಇನ್ನೊಂದು ಸಲ ಓದಬೇಕು.

ಒಮ್ಮೆ ಮಾಡಿದರೆ ಮುಗೀತು ಅಂತಲೂ ಅಲ್ಲ. ಲಿನಕ್ಸ್‌ನವರು ಹಳೇ ಸಿಸ್ಟಮ್ ಕಾಲ್‌ಗಳನ್ನು ಮುರಿಯೋದಿಲ್ಲ ಅನ್ನೋ ವ್ರತ ಹಿಡಿದಿದ್ದಾರೆ. ಆಪಲ್‌ನವರು ಆ ಮಾತು ಕೊಟ್ಟಿಲ್ಲ, ತಮ್ಮ ಲೈಬ್ರರಿಯ ಮೂಲಕ ಬನ್ನಿ ಅಂತಾರೆ, ಅದರ ಕೆಳಗಿನದು ಅವರ ಇಷ್ಟ. 2017ರ 10.13 ಆದ ಮೇಲೆ ಬಂದ ಮ್ಯಾಕ್‌ಗಳ ಹಿಂದೆ ವಾಲ್‌ಗ್ರಿಂಡ್‌ನ ಅಧಿಕೃತ ಬಿಡುಗಡೆಗಳು ವರ್ಷಗಟ್ಟಲೆ ಏದುಸಿರು ಬಿಟ್ಟವು. ಆಸಕ್ತಿ ಇದ್ದವರು ಹೊರಗೆ ತಮ್ಮದೇ ಕವಲು ಇಟ್ಟುಕೊಂಡು ಸಾಕಿದರು. ವಿಂಡೋಸ್‌ನಲ್ಲಂತೂ ಸಿಸ್ಟಮ್ ಕಾಲ್‌ಗಳ ಸಂಖ್ಯೆಗಳೇ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ, ಬಹಳಷ್ಟಕ್ಕೆ ಅಧಿಕೃತ ವಿವರವೇ ಇಲ್ಲ. ಅಲ್ಲಿಗೆ ಡಾಕ್ಟರ್ ಮೆಮೊರಿ ಅನ್ನೋ ಬೇರೆಯದೇ ಉಪಕರಣವನ್ನು ಬೇರೆಯವರು ಕಟ್ಟಬೇಕಾಯ್ತು.

ಕನ್ನಡದಲ್ಲಿ ಬ್ಲಾಗ್ ಬರೆಯೋ ನಮಗೆ ಈ ಕಷ್ಟ ಹೊಸದೇನೂ ಅಲ್ಲ. ಯುನಿಕೋಡ್ ಕನ್ನಡದ ಆರಂಭದ ದಿನಗಳನ್ನು ನೆನೆಸಿಕೊಳ್ಳಿ. ಅದೇ ಬರಹ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನಲ್ಲಿ ಕಾಣಿಸ್ತಿತ್ತು, ವಿಂಡೋಸ್ 98ರಲ್ಲಿ ಬರೀ ಡಬ್ಬಿಗಳು. ಇನ್ನು ಕೆಲವೆಡೆ ಒತ್ತಕ್ಷರ ಕಾಲು ಜಾರಿ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಬರಹದಲ್ಲಿ ತಪ್ಪಿರಲಿಲ್ಲ. ‘ಕ’ದ ಮುಂದೆ ವಿರಾಮ, ಅದರ ಮುಂದೆ ‘ಷ’ ಬಂದರೆ ‘ಕ್ಷ’ ಮಾಡಬೇಕು ಅನ್ನೋದನ್ನು ಪ್ರತಿ ಓಎಸ್‌ನ ಅಕ್ಷರ ಜೋಡಿಸೋ ಎಂಜಿನ್‌ಗೂ ಯಾರೋ ಕೂತು ಕಲಿಸಬೇಕಾಗಿತ್ತು. ಆ ಕೆಲಸವನ್ನು ಆಗ ಯಾರೂ ‘ಅದೇನು ಮಹಾ’ ಅನ್ನಲಿಲ್ಲ, ಯಾಕಂದ್ರೆ ಕೆಟ್ಟರೆ ಕಣ್ಣಿಗೇ ಹೊಡೀತಿತ್ತು.

ಮೆಮೊರಿ ಉಪಕರಣದ ದುರದೃಷ್ಟ ಇರೋದು ಇಲ್ಲೇ. ಅದು ಹೊಸ ಓಎಸ್‌ನಲ್ಲಿ ಕೆಟ್ಟರೆ ಕಣ್ಣಿಗೆ ಕಾಣೋದಿಲ್ಲ. ಓಡುತ್ತೆ, ಏನೋ ಮುದ್ರಿಸುತ್ತೆ, ಮುಗಿಯುತ್ತೆ. ಮುದ್ರಿಸಿದ್ದು ಸತ್ಯವೋ ಸುಳ್ಳೋ ತಿಳಿಯೋದು ಹೇಗೆ? ಅರ್ಧಂಬರ್ಧ ಪೋರ್ಟ್ ಆದ ಉಪಕರಣ ಎರಡು ಥರ ಮೋಸ ಮಾಡುತ್ತೆ. ತಪ್ಪಿಲ್ಲದ ಕಡೆ ಕೂಗುತ್ತೆ, ತಪ್ಪಿದ್ದ ಕಡೆ ಸುಮ್ಮನಿರುತ್ತೆ. ‘ತೋಳ ಬಂತು ತೋಳ’ ಕಥೆ ಚಿಕ್ಕ ಮಕ್ಕಳಿಗೂ ಗೊತ್ತು. ನಾಲ್ಕು ಸಲ ಸುಳ್ಳು ಕೂಗಿದ ಮೇಲೆ ಐದನೇ ಸಲ ಯಾರೂ ತಿರುಗಿ ನೋಡಲ್ಲ. ಅಂಥ ಉಪಕರಣ ಇರೋದಕ್ಕಿಂತ ಇಲ್ಲದಿರೋದೇ ವಾಸಿ ಅಂತ ನಾನು ಹೇಳೋದು. ಇಲ್ಲದಿದ್ದರೆ ‘ನಾವು ಪರೀಕ್ಷೆ ಮಾಡಿಲ್ಲ’ ಅನ್ನೋ ಹೆದರಿಕೆಯಾದರೂ ಇರುತ್ತೆ. ಇದ್ದು ಸುಳ್ಳು ಹೇಳಿದರೆ ‘ಪರೀಕ್ಷೆ ಆಗಿದೆ’ ಅಂತ ಸೀಲು ಹೊಡೆದು ಗಿರಾಕಿಗೆ ಕಳಿಸ್ತೀವಿ.

ಒಂದು ಕಂಪನಿಯಲ್ಲಿ (ಹೆಸರು ಬೇಡ) ನಾನೇ ಕಂಡದ್ದು ಹೇಳ್ತೀನಿ. ಅಲ್ಲಿನ ಉತ್ಪನ್ನ ಲಿನಕ್ಸ್‌ನಿಂದ ಫ್ರೀಬಿಎಸ್‌ಡಿಗೂ ಹೋಗಬೇಕಿತ್ತು. ಅವರದೇ ಡ್ರೈವರ್ ಒಂದಿತ್ತು, ಅದರ ಜೊತೆ ಮಾತಾಡೋಕೆ ಅವರದೇ ಐಓಸಿಟಿಎಲ್ ಕರೆಗಳು. ಇಂಥ ಖಾಸಗಿ ಕರೆ ಸಿಕ್ಕಾಗ ವಾಲ್‌ಗ್ರಿಂಡ್ ಕರೆಯ ಸಂಖ್ಯೆಯಲ್ಲೇ ಅಡಗಿರೋ ಅಳತೆ, ದಿಕ್ಕು ನೋಡಿ ಒಂದು ಅಂದಾಜು ಮಾಡುತ್ತೆ. ಆದರೆ ಕರ್ನಲ್ ತುಂಬೋ ಪೆಟ್ಟಿಗೆಯ ಒಳಗೆ ಇನ್ನೊಂದು ಪೆಟ್ಟಿಗೆಯ ವಿಳಾಸ ಇದ್ದರೆ, ಆ ಒಳಪೆಟ್ಟಿಗೆ ಅದಕ್ಕೆ ಗೊತ್ತಾಗಲ್ಲ. ಸಹಜವಾಗೇ ಅಲ್ಲಿಂದ ಓದಿದ್ದೆಲ್ಲ ‘ಕಸ’ ಅಂತ ದೂರುಗಳು, ಪುಟಗಟ್ಟಲೆ. ಮ್ಯಾನೇಜರ್ ಸಾಹೇಬರ ಪರಿಹಾರ ಏನು ಗೊತ್ತಾ? “ಸಪ್ರೆಷನ್ ಫೈಲಿಗೆ ಹಾಕಿ, ಬಾಯಿ ಮುಚ್ಚಿಸಿ, ಶುಕ್ರವಾರ ರಿಲೀಸ್ ಇದೆ.”

ಸಪ್ರೆಷನ್ ಅಂದರೆ ‘ಈ ಫಂಕ್ಷನ್‌ನಲ್ಲಿ ಬರೋ ಇಂಥ ದೂರುಗಳನ್ನು ತೋರಿಸಬೇಡ’ ಅಂತ ಬರೆದು ಕೊಡೋ ಚೀಟಿ. ಸರಿಯಾಗಿ ಬಳಸಿದರೆ ಒಳ್ಳೆಯದೇ, ವಾಲ್‌ಗ್ರಿಂಡ್ ಕೂಡ ಓಎಸ್‌ಗೆ ತಕ್ಕ ಚೀಟಿಗಳನ್ನು ಜೊತೆಗೇ ಕೊಡುತ್ತೆ. ಆದರೆ ಅವರು ಬಯಸಿದ್ದು ಇಡೀ ಮಾಡ್ಯೂಲಿಗೇ ಕಂಬಳಿ ಹೊದಿಸೋದು. ನಾನು ಒಪ್ಪಲಿಲ್ಲ. ಶನಿವಾರ, ಭಾನುವಾರ ಕೂತು ಡ್ರೈವರಿನ ಕೋಡ್ ಓದಿ, ಆ ಒಳಪೆಟ್ಟಿಗೆಯ ವಿವರವನ್ನು ವಾಲ್‌ಗ್ರಿಂಡ್‌ಗೆ ಹೇಳಿಕೊಡೋ ಇಪ್ಪತ್ತು-ಮೂವತ್ತು ಸಾಲು ಬರೆದೆ. ಮಳೆ ನಿಂತಿತು. ನಿಂತ ಮೇಲೆ ನಾಲ್ಕೈದು ದೂರು ಮಾತ್ರ ಉಳಿದವು. ಅದರಲ್ಲಿ ಒಂದು, ನೆಟ್‌ವರ್ಕ್ ಕೇಬಲ್ ಕಿತ್ತ ತಕ್ಷಣ ವಾಪಸ್ ಕೊಟ್ಟ ಮೆಮೊರಿಯನ್ನೇ ಮತ್ತೆ ಓದುತ್ತಿದ್ದದ್ದು. ಅಪ್ಪಟ ನಿಜವಾದ ತಪ್ಪು, ಅದೇ ಮಾಡ್ಯೂಲಿನಲ್ಲಿ! ಕಂಬಳಿ ಹೊದಿಸಿದ್ದರೆ ಅದೂ ಅಡಿಯಲ್ಲೇ ಬೆಚ್ಚಗೆ ಮಲಗಿರ್ತಿತ್ತು. ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ ಆ ಕೆಲಸದ ಮುಂದೆ ಬರೆದದ್ದು ‘ಟೂಲ್ ಮೇಂಟೆನೆನ್ಸ್’ ಅಂತ. ಪರದೆಯ ಬಣ್ಣ ಬದಲಿಸಿದವರಿಗೆ ‘ಇನ್ನೋವೇಷನ್’ ಪ್ರಶಸ್ತಿ ಬಂತು. ಇರಲಿ.

ದೂರನ್ನು ಅರ್ಥ ಮಾಡ್ಕೊಳ್ಳದೆ ಬಾಯಿ ಮುಚ್ಚಿಸಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದಕ್ಕೆ ಜಗತ್ಪ್ರಸಿದ್ಧ ಉದಾಹರಣೆ ಡೆಬಿಯನ್ ಲಿನಕ್ಸ್‌ನದು. ಓಪನ್‌ಎಸ್‌ಎಸ್‌ಎಲ್‌ನ ಯಾದೃಚ್ಛಿಕ ಸಂಖ್ಯೆ ಹುಟ್ಟಿಸೋ ಭಾಗದಲ್ಲಿ ‘ಬೆಲೆ ತುಂಬದ ಮೆಮೊರಿ ಬಳಸ್ತಿದೆ’ ಅಂತ ವಾಲ್‌ಗ್ರಿಂಡ್, ಪ್ಯೂರಿಫೈ ಥರದ ಉಪಕರಣಗಳು ದೂರುತ್ತಿದ್ದವು. 2006ರಲ್ಲಿ ಡೆಬಿಯನ್‌ನಲ್ಲಿ ಆ ದೂರು ನಿಲ್ಲಿಸೋಕೆ ಎರಡು ಸಾಲುಗಳನ್ನು ತೆಗೆದುಹಾಕಿದರು. ಒಂದು ಸಾಲು ಹೋಗಿದ್ದರೆ ನಷ್ಟ ಇರಲಿಲ್ಲ. ಇನ್ನೊಂದು ಸಾಲೇ ನಿಜವಾದ ಯಾದೃಚ್ಛಿಕತೆಯನ್ನು ಒಳಗೆ ಬೆರೆಸ್ತಿದ್ದದ್ದು! ಅದು ಹೋದ ಮೇಲೆ ವ್ಯತ್ಯಾಸ ತರೋಕೆ ಉಳಿದದ್ದು ಪ್ರೋಸೆಸ್ ಸಂಖ್ಯೆ ಮಾತ್ರ, ಅದು ಹೆಚ್ಚೆಂದರೆ 32,768. ಅಂದರೆ ಒಂದು ಬಗೆಯ, ಒಂದು ಅಳತೆಯ ಕೀಲಿಗಳು ಇಡೀ ಜಗತ್ತಿನಲ್ಲಿ ಅಷ್ಟೇ ಸಾಧ್ಯ, ಯಾರು ಬೇಕಾದರೂ ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಳ್ಳಬಹುದು. ಇದು ಬಯಲಾದದ್ದು 2008ರ ಮೇ ತಿಂಗಳಲ್ಲಿ. ಅಲ್ಲಿಯತನಕ ಡೆಬಿಯನ್, ಅದರಿಂದ ಹುಟ್ಟಿದ ಉಬುಂಟು ಬಳಸಿದವರೆಲ್ಲ ಕೀಲಿ ಭದ್ರವಾಗಿದೆ ಅಂತ ನೆಮ್ಮದಿಯಾಗಿದ್ದರು. ಉಪಕರಣ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಕೇಳಿದವರಿಗೆ ಅದರ ಅರ್ಥ ಆಗಿರಲಿಲ್ಲ.

ಈಗ ಬರೋ ವಾದಗಳು ನನಗೆ ಗೊತ್ತು. “ವಾಲ್‌ಗ್ರಿಂಡ್ ಹಳೇದಾಯ್ತು ಮಾರಾಯ, ಈಗ ಅಡ್ರೆಸ್ ಸ್ಯಾನಿಟೈಸರ್ ಇದೆ.” ಇದೆ, ಒಳ್ಳೆಯದೇ. ಗೂಗಲ್‌ನವರು ಹೊರತಂದದ್ದು, ಸುಮಾರು ಎರಡು ಪಟ್ಟು ಮಾತ್ರ ನಿಧಾನ, ನಾನೂ ದಿನಾ ಬಳಸ್ತೀನಿ. ಆದರೆ ಅದಕ್ಕೆ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಬೇಕು, ಮೂಲ ಕೋಡ್ ಇಲ್ಲದ ಲೈಬ್ರರಿಯ ಒಳಗೆ ನಡೆಯೋದರಲ್ಲಿ ಬಹುಪಾಲು ಅದರ ಕಣ್ಣಿಗೆ ಬೀಳಲ್ಲ. ನಾನು ಹೇಳಿದ ನಾಲ್ಕನೇ ತಪ್ಪು, ಕಸ ಬಳಸೋದು, ಅದಕ್ಕೆ ಕಾಣೋದೇ ಇಲ್ಲ, ಅದಕ್ಕೆ ಮೆಮೊರಿ ಸ್ಯಾನಿಟೈಸರ್ ಅಂತ ಬೇರೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅವುಗಳಿಗೂ ಲಿನಕ್ಸ್‌ಗೆ ಒಂದು, ಮ್ಯಾಕ್‌ಗೆ ಒಂದು, ವಿಂಡೋಸ್‌ಗೆ ಒಂದು ಅಂತ ಬೇರೆ ಬೇರೆ ಭಾಗಗಳನ್ನು ಯಾರೋ ಕೂತು ಬರೆದಿದ್ದಾರೆ. ಉಪಕರಣ ಬದಲಾಯಿಸಿದ ಮಾತ್ರಕ್ಕೆ ಈ ಕೆಲಸ ತಪ್ಪೋದಿಲ್ಲ.

“ಎಲ್ಲ ರಸ್ಟ್‌ನಲ್ಲಿ ಬರೆದರಾಯ್ತು” ಅನ್ನೋದು ಎರಡನೇ ವಾದ. ಹೊಸದನ್ನು ಬರೀರಿ, ಸಂತೋಷ. ಈಗಾಗಲೇ ಓಡ್ತಾ ಇರೋ ಸಿ ಕೋಡನ್ನೆಲ್ಲ ಮರುಬರೆಯೋ ತನಕ ಏನು ಮಾಡೋಣ, ಕಣ್ಣು ಮುಚ್ಕೊಂಡು ಕೂರೋಣವೇ?

ಮೂರನೆಯದು ವಾದವೂ ಅಲ್ಲ, ಗೊಣಗಾಟ: “ಯಾಕೆ ಅವರು ನಮ್ಮ ಓಎಸ್‌ಗೆ ಸರಿಯಾಗಿ ಬೆಂಬಲ ಕೊಡಲ್ಲ?” ಇದನ್ನು ಕೇಳೋದು ಒಂದು ಪೈಸೆ ಕೊಡದೆ ಬಳಸೋ ಕಂಪನಿಗಳು! ಪುಕ್ಕಟೆ ಸಿಕ್ಕರೆ ನನಗೂ ಒಂದು, ನಮ್ಮಪ್ಪನಿಗೂ ಒಂದು ಅನ್ನೋ ಜಾತಿ. ಅವರು ಅಂದರೆ ಯಾರು ಸ್ವಾಮಿ? ಬೆರಳೆಣಿಕೆಯ ಮಂದಿ, ಬಹಳಷ್ಟು ಸಲ ತಮ್ಮ ಸಂಜೆಯ ಹೊತ್ತಿನಲ್ಲಿ ಮಾಡೋರು. ನಮ್ಮ ಬೆಂಗಳೂರಿನ ಕಂಪನಿಗಳೂ ಈ ಗೊಣಗಾಟದಲ್ಲಿ ಹಿಂದೆ ಬಿದ್ದಿಲ್ಲ. ಎಂಜಿನಿಯರ್‌ಗಳಿಗೆ ಬರವಿಲ್ಲದ ಊರಿನಿಂದ ಒಂದು ಸಿಸ್ಟಮ್ ಕಾಲ್‌ನ ವಿವರಣೆ ಬರೆದು ಕಳಿಸೋಕೆ ಒಬ್ಬರಿಗೆ ಎರಡು ದಿನ ರಜೆ ಕೊಡಿ ಅಂದರೆ ‘ಬಿಲ್ ಮಾಡೋದು ಯಾರಿಗೆ?’ ಅಂತಾರೆ.

ನಾನು ಕೇಳೋದು ದೊಡ್ಡದೇನಲ್ಲ. ಪೋರ್ಟ್ ಮಾಡೋ ಕೆಲಸಕ್ಕೆ ಅಂದಾಜು ಹಾಕೋ ಮುಂಚೆ ಆ ಕೆಲಸ ಮಾಡುವವರನ್ನು ಕೇಳಿ. ಸಪ್ರೆಷನ್ ಫೈಲಿಗೆ ಸೇರಿಸೋ ಪ್ರತಿ ಸಾಲಿನ ಪಕ್ಕ ‘ಇದು ಯಾಕೆ ಸುಳ್ಳು ದೂರು’ ಅಂತ ಒಂದು ವಾಕ್ಯ ಬರೆಸಿ. ಬರೆಯೋಕೆ ಆಗದಿದ್ದರೆ ಆ ಸಾಲು ಬೇಡ. ಆಫೀಸಿನಲ್ಲಿ ಯಾರಾದರೂ ಇಂಥ ತಿದ್ದುಪಡಿ ಬರೆದರೆ ಅದನ್ನು ಒಳಗೇ ಕೊಳೆಯೋಕೆ ಬಿಡದೆ ಮೂಲ ಯೋಜನೆಗೆ ಕಳಿಸೋಕೆ ಅನುಮತಿ ಕೊಡಿ. ನಾಳೆ ಅದು ನಿಮ್ಮದೇ ಮುಂದಿನ ಆವೃತ್ತಿಯಲ್ಲಿ ಪುಕ್ಕಟೆಯಾಗಿ ವಾಪಸ್ ಬರುತ್ತೆ.

ವಾಲ್‌ಗ್ರಿಂಡ್‌ಗೆ ಗೊತ್ತಿಲ್ಲದ ಸಿಸ್ಟಮ್ ಕಾಲ್ ಎದುರಾದರೆ ಅದು ಸುಳ್ಳು ಹೇಳೋದಿಲ್ಲ. ‘ಇದು ನನಗೆ ಗೊತ್ತಿಲ್ಲ’ ಅಂತ ಒಪ್ಪಿಕೊಂಡು, ‘ಬೇಕಾದರೆ ಇದರ ವಿವರಣೆಯನ್ನು ನೀವೇ ಬರೀಬಹುದು, ಇಂಥ ಕಡತ ಓದಿ’ ಅಂತ ದಾರಿಯನ್ನೂ ತೋರಿಸುತ್ತೆ. ನಮ್ಮ ಎಷ್ಟು ಮ್ಯಾನೇಜರ್‌ಗಳಿಗೆ ಈ ಸೌಜನ್ಯ ಇದೆ ಹೇಳಿ? ನೀವು ಪ್ರೋಗ್ರಾಮರ್ ಆಗಿದ್ದು ನಿಮ್ಮ ಪರದೆಯಲ್ಲಿ ಆ ಸಂದೇಶ ಬಂದರೆ, ದಯವಿಟ್ಟು ಆ ಕಡತ ಒಮ್ಮೆ ತೆಗೆದು ಓದಿ. ಪ್ರೋಗ್ರಾಮರ್ ಅಲ್ಲದಿದ್ದರೆ, ಇಷ್ಟು ಉದ್ದ ಓದಿದ್ದಕ್ಕೆ ಒಂದು ದೊಡ್ಡ ನಮಸ್ಕಾರ. ಮನೆಯಲ್ಲಿ ಯಾರಾದರೂ ಸಾಫ್ಟ್‌ವೇರಿನವರು ಶನಿವಾರವೂ ಕಂಪ್ಯೂಟರ್ ಮುಂದೆ ಕೂತು ಗೊಣಗ್ತಿದ್ದರೆ ಬೈಬೇಡಿ, ಒಂದು ಲೋಟ ಕಾಫಿ ಕೊಡಿ. ಯಾವುದೋ ಒಳಪೆಟ್ಟಿಗೆ ಹುಡುಕ್ತಿರಬಹುದು.